ಇಸವಿ ಕೇಳುವುದನ್ನು ಬಿಟ್ಟೆ, ಅಜ್ಜಿ ಮಾತಾಡಿದಳು

ಅಜ್ಜಿಯ ನೆನಪುಗಳನ್ನು ಬರೆದಿಡಲು ಎರಡು ವರ್ಷ ಒದ್ದಾಡಿದೆ. ಮೊಬೈಲ್ ರೆಕಾರ್ಡರ್ ಎದುರಿಗಿಟ್ಟು "ಅದು ಯಾವ ಇಸವಿ?" ಅಂದರೆ ಸಾಕು, ಸುಮ್ಮನಾಗಿಬಿಡುತ್ತಿದ್ದಳು.

ಕಲಬುರಗಿಯ ಮನೆಯಲ್ಲಿ ಒಂದು ಸಂಜೆ ಆಕೆ ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದಲ್ಲಿ ಕೂತು, "ನೀವು ಊರು ಬಿಟ್ಟಿದ್ದು ರಜಾಕಾರರ ಗದ್ದಲಕ್ಕಿಂತ ಮುಂಚೆಯೋ, ಆಮೇಲೋ?" ಎಂದೆ. ರಜಾಕಾರರೆಂದರೆ ಹೈದರಾಬಾದಿನ ನಿಜಾಮರ ಪರ ನಿಂತು ಹಳ್ಳಿಗಳ ಮೇಲೆ ದಾಳಿ ಮಾಡುತ್ತಿದ್ದ ಖಾಸಗಿ ಪಡೆ. ಬಡಿಯುವ ಕೈ ನಿಂತಿತು.

"ಅದರಾಗೇ ಆತು ನೋಡವಾ. ನಮ್ಮವ್ವ ನನ್ನ ಬಗಲಾಗ ಎತ್ಕೊಂಡು ರಾತ್ರೋರಾತ್ರಿ ಸೊಲ್ಲಾಪುರ ಕಡಿಗಿ ನಡದ್ಳು. ಸೆರಗಿನಾಗ ಎರಡು ಕಟಕ ರೊಟ್ಟಿ." ಹಿಟ್ಟು ಮೆತ್ತಿದ ಬೆರಳಿನಿಂದ ಪರಾತದಲ್ಲೇ ದಾರಿಯ ಗೆರೆ ಎಳೆದು ತೋರಿಸಿದಳು.

ಆಮೇಲೆ ಇಸವಿ ಕೇಳಲೇ ಇಲ್ಲ. ಹೈದರಾಬಾದ್ ಸಂಸ್ಥಾನ ಶರಣಾದ 1948ರ ಸೆಪ್ಟೆಂಬರ್ 17, 1972ರ ಬರಗಾಲ, 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪ, ಇವನ್ನೇ ಗೂಟವಾಗಿ ನೆಟ್ಟು ಹಿಂದೆ ಮುಂದೆ ಕೇಳಿದೆ. ಮದುವೆ, ಬಾಣಂತನ, ಹೊಲ ಮಾರಿದ್ದು ಎಲ್ಲವೂ ತಮ್ಮ ಜಾಗಕ್ಕೆ ಬಂದು ಕೂತವು.

ಟ್ರಂಕಿನಲ್ಲಿದ್ದ ಮುತ್ತಜ್ಜನ ಹೊಲದ ಕಾಗದ ಇನ್ನೊಂದು ತಲೆನೋವು. ಅದು ಉರ್ದುವಿನಲ್ಲಿತ್ತು, ತಾರೀಖು 1350 ಎಂದಿತ್ತು. ಓಣಿಯ ನಿವೃತ್ತ ಉರ್ದು ಮಾಸ್ತರರು ಓದಿ, ಅದು ನಿಜಾಮರ ಕಾಲದ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ, ಇಸವಿ ಬೇಕಾದರೆ 590 ಕೂಡಿಸು ಎಂದರು. ಅಂದರೆ 1940-41.

ಅಜ್ಜಿಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದುವುದಿಲ್ಲ, ಆಕೆ ಅಂದ ಹಾಗೇ ಬರೆಯುತ್ತೇನೆ. ಹಾಗೆ ಬರೆದಾಗಲೇ ಆಕೆಯ ದನಿ ಉಳಿಯುತ್ತದೆ. ಬರೆದದ್ದರ ಒಂದು ಜೆರಾಕ್ಸ್ ಪ್ರತಿ ಬೀದರ್‌ನಲ್ಲಿರುವ ಅತ್ತೆಯ ಮನೆಯಲ್ಲಿದೆ. ಈಗ ಮೂರನೇ ನೋಟ್‌ಬುಕ್ ನಡೆದಿದೆ.