ಮಳೆಗೆ ಮೊದಲು ಹೊಸ ಡ್ರೈವ್: ಕಂಪ್ಯೂಟರ್ ಬ್ಯಾಕಪ್ ಮಾಡಿ ಮತ್ತೆ ಎಬ್ಬಿಸುವುದು ಹೇಗೆ?

ಕೊಡಗಿನ ತೋಟದ ಮನೆಯ ಕಂಪ್ಯೂಟರ್‌ನಲ್ಲಿ ಏನೇನಿದೆ ಅಂತ ಒಮ್ಮೆ ತೆಗೆದು ನೋಡಿ. ಆಳುಗಳ ಹಾಜರಿ, ಕಾಫಿ ಮತ್ತು ಮೆಣಸು ಮಾರಿದ ಲೆಕ್ಕ, ಜಮ್ಮಾ (ವಂಶಪಾರಂಪರ್ಯ) ಜಾಗದ ದಾಖಲೆಗಳ ಸ್ಕ್ಯಾನ್, ಹೋಂಸ್ಟೇ ಬಿಲ್, ಐನ್‌ಮನೆಯಲ್ಲಿ, ಅಂದರೆ ಕುಲದ ಹಿರಿಮನೆಯಲ್ಲಿ, ಒಕ್ಕದವರೆಲ್ಲ (ಕುಲದವರೆಲ್ಲ) ಸೇರಿದ ದಿನದ ಫೋಟೊ. ಇದರಲ್ಲಿ ಬಹಳಷ್ಟು ಬೇರೆಲ್ಲೂ ಇರುವುದಿಲ್ಲ. ಆ ಹಾರ್ಡ್‌ಡಿಸ್ಕ್ ಆರೇಳು ವರ್ಷ ಹಳೆಯದಾಗಿದ್ದರೆ, ಹೊಸ ಡ್ರೈವ್‌ಗೆ ಸಾಗಿಸುವ ಕೆಲಸವನ್ನು ಜೂನ್‌ಗೆ ಮೊದಲೇ ಮುಗಿಸಿ. ಮಳೆ ಹಿಡಿದ ಮೇಲೆ ಶುರು ಮಾಡಿದರೆ ಅರ್ಧದಲ್ಲೇ ಕರೆಂಟ್ ಹೋಗುತ್ತದೆ. ಮರ ಬಿದ್ದು ಲೈನ್ ತುಂಡಾದರೆ ಅದು ಮತ್ತೆ ಬರುವುದು ಯಾವಾಗಲೋ.

ಈ ಕೆಲಸದಲ್ಲಿ ಸಿಟ್ಟು ಬರಿಸುವುದು ಒಂದೇ ವಿಷಯ. ಕಾಪಿ ಪೂರ್ತಿ ಆಯಿತು ಎಂದು ಸ್ಕ್ರೀನ್ ಹೇಳುತ್ತದೆ, ಹೊಸ ಡ್ರೈವ್ ಹಾಕಿದರೆ ಕಂಪ್ಯೂಟರ್ ಏಳುವುದೇ ಇಲ್ಲ. ಅದಕ್ಕೆ ಕಾರಣಗಳು ಬೆರಳೆಣಿಕೆಯಷ್ಟು. ಮೊದಲೇ ತಿಳಿದಿದ್ದರೆ ಹೆಚ್ಚಿನವನ್ನು ತಪ್ಪಿಸಬಹುದು.

ಮೊದಲು ಫೈಲ್‌ಗಳು, ಆಮೇಲೆ ಉಳಿದದ್ದು

ವಿಂಡೋಸ್ ಮತ್ತೆ ಹಾಕಿಕೊಳ್ಳಬಹುದು. ಫೈಲ್ ಹೋದರೆ ಹೋಯಿತು. ಹಾಗಾಗಿ ಪೂರ್ತಿ ಡ್ರೈವ್ ನಕಲು ಮಾಡುವ ಮೊದಲು, ಬೇಕಾದ ಫೋಲ್ಡರ್‌ಗಳನ್ನು ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಸುಮ್ನೆ ಕಾಪಿ ಮಾಡಿಟ್ಟುಕೊಳ್ಳಿ. ಡೆಸ್ಕ್‌ಟಾಪ್ ಮೇಲೆ ಬಿದ್ದಿರುವ ಫೈಲ್‌ಗಳನ್ನೂ ಡೌನ್‌ಲೋಡ್ಸ್ ಫೋಲ್ಡರನ್ನೂ ಮರೆಯುವವರೇ ಜಾಸ್ತಿ. ಎಕ್ಸ್‌ಟರ್ನಲ್ ಡಿಸ್ಕ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರೊಳಗೆ ಹೋಗುವುದಿಲ್ಲ. ಮದುವೆ ವಿಡಿಯೊ ಕಾಪಿ ಆಗದೆ ನಿಲ್ಲುವುದು ಇದೇ ಕಾರಣಕ್ಕೆ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿದ್ದರೆ ಈ ತೊಂದರೆ ಇಲ್ಲ.

ಲೆಕ್ಕಪತ್ರಕ್ಕೆ ಟ್ಯಾಲಿ ತಂತ್ರಾಂಶ ಬಳಸುವವರು ಅದರೊಳಗಿನ ಬ್ಯಾಕಪ್ ಆಯ್ಕೆಯಿಂದಲೇ ಒಂದು ಪ್ರತಿ ತೆಗೆಯಿರಿ. ಹೊಸ ಕಂಪ್ಯೂಟರ್‌ಗೇ ಹೋಗುವುದಾದರೆ ಹಳೆಯದರಲ್ಲಿ ಲೈಸೆನ್ಸ್ ಸರೆಂಡರ್ ಮಾಡುವುದನ್ನು ಬಿಡಬೇಡಿ. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಪತ್ರಗಳಿದ್ದರೆ ಇನ್ನೊಂದು ಎಚ್ಚರ ಬೇಕು. ಫೈಲ್ ಮಾತ್ರ ಸಾಗಿಸಿ ಫಾಂಟ್ ಬಿಟ್ಟರೆ, ತೆರೆದಾಗ ಅಕ್ಷರದ ಬದಲು ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಗಾಬರಿಯಾಗಿ ಅಳಿಸಬೇಡಿ. ಆ ಫಾಂಟ್ ಹಾಕಿದರೆ ಸರಿಯಾಗುತ್ತದೆ. ಆದ್ದರಿಂದ ಫಾಂಟ್‌ಗಳನ್ನೂ ಜೊತೆಗೇ ಕಾಪಿ ಮಾಡಿ.

ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಅಥವಾ ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ತಂತ್ರಾಂಶ ಹಳದಿ ಎಚ್ಚರಿಕೆ ತೋರಿಸಿದರೆ, ಪೂರ್ತಿ ನಕಲಿನ ಆಸೆ ಸದ್ಯಕ್ಕೆ ಬಿಡಿ. ಬೇರೆಲ್ಲೂ ಇಲ್ಲದ ಫೈಲ್‌ಗಳನ್ನು ಮೊದಲು ಹೊರಗೆ ತೆಗೆಯಿರಿ. ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಓದಿಸಿದರೆ ಉಳಿದದ್ದೂ ಹೋಗಬಹುದು.

ಯಾವ ಡ್ರೈವ್ ಕೊಳ್ಳಬೇಕು?

ಈಗಿರುವಷ್ಟೇ ದೊಡ್ಡದು, ಸಾಧ್ಯವಾದರೆ ಅದಕ್ಕಿಂತ ದೊಡ್ಡದು. 500 ಜಿಬಿ ಡಿಸ್ಕ್‌ನಲ್ಲಿ 100 ಜಿಬಿ ಮಾತ್ರ ತುಂಬಿದ್ದರೂ, 480 ಜಿಬಿಯ ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳ ವೇಗದ ಡ್ರೈವ್) ನಕಲು ಮಾಡಲು ಕೆಲವು ಉಚಿತ ತಂತ್ರಾಂಶಗಳು ಒಪ್ಪುವುದಿಲ್ಲ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಒಂದು ಭಾನುವಾರ ಕಳೆದುಕೊಳ್ಳಬೇಡಿ.

ಹಳೆಯ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳಿಗೆ ಸಾಮಾನ್ಯವಾಗಿ ಎರಡೂವರೆ ಇಂಚಿನ ಸಾಟಾ (ಡ್ರೈವ್ ಜೋಡಣೆಯ ಒಂದು ಹಳೆಯ ಬಗೆ) ಎಸ್‌ಎಸ್‌ಡಿ ಸರಿಹೊಂದುತ್ತದೆ. ಚ್ಯೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಡ್ರೈವ್‌ಗಳಲ್ಲಿ ಸಾಟಾ ಮತ್ತು ಅದಕ್ಕಿಂತ ವೇಗದ ಎನ್‌ವಿಎಂಇ ಎಂಬ ಎರಡು ಜಾತಿ ಇವೆ. ನೋಡಲು ಒಂದೇ ತರಹ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡದಿರಬಹುದು. ಮಡಿಕೇರಿ, ಗೋಣಿಕೊಪ್ಪ ಅಥವಾ ಕುಶಾಲನಗರಕ್ಕೆ ಕೊಳ್ಳಲು ಹೋಗುವಾಗ ಕಂಪ್ಯೂಟರ್‌ನ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ. ಜೊತೆಗೆ ಹೊಸ ಡ್ರೈವನ್ನು ಹೊರಗಿನಿಂದ ಜೋಡಿಸಲು ಯುಎಸ್‌ಬಿ 3.0 ಕೇಬಲ್ ಅಥವಾ ಕೇಸ್ ತನ್ನಿ.

ನಕಲು ಮಾಡುವ ದಿನ

ಸೆಟ್ಟಿಂಗ್ಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕ್‌ಗೆ ಹಾಕುವ ಗುಪ್ತ ಬೀಗ) ಆನ್ ಆಗಿದೆಯೇ ನೋಡಿ. ವಿಂಡೋಸ್ 11ರಲ್ಲಿ ನಮಗೆ ಗೊತ್ತಿಲ್ಲದೆಯೇ ಆನ್ ಆಗಿರುವುದುಂಟು. 48 ಅಂಕಿಯ ರಿಕವರಿ ಕೀ ಇರುತ್ತದೆ, ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ. ಅದನ್ನು ಕಾಗದದಲ್ಲಿ ಬರೆದಿಡಿ, ನಂತರ ಎನ್‌ಕ್ರಿಪ್ಶನ್ ಆಫ್ ಮಾಡಿ. ಪೂರ್ತಿ ಆಫ್ ಆಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಕಾಯಿರಿ.

ಪೆನ್‌ಡ್ರೈವ್‌ಗೆ ಡ್ರೈವ್ ನಕಲು ಮಾಡುವ ತಂತ್ರಾಂಶ ರೆಸ್ಕ್ಯೂಝಿಲ್ಲಾ ಹಾಕಿಕೊಳ್ಳಿ. ಇದು ಉಚಿತ, ಮೌಸ್‌ನಿಂದ ನಡೆಸಬಹುದು. ಕ್ಲೋನ್‌ಝಿಲ್ಲಾ ಕೂಡ ಚೆನ್ನಾಗಿದೆ, ಆದರೆ ಹೊಸಬರಿಗೆ ಅದರ ಪರದೆ ಕಷ್ಟ. ರೂಫಸ್‌ನಂಥ ತಂತ್ರಾಂಶದಿಂದ ಪೆನ್‌ಡ್ರೈವ್ ತಯಾರಿಸುವಾಗ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯದ್ದನ್ನೇ ತೆಗೆದುಕೊಳ್ಳಿ. ಆಮೇಲೆ ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಮಾಡಿ. ಹಾಗೆ ಮಾಡದಿದ್ದರೆ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತದೆ, ನಕಲು ಕೈಕೊಡುತ್ತದೆ.

ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ ಕ್ಲೋನ್ (ಪೂರ್ತಿ ನಕಲು) ಆಯ್ಕೆಗೆ ಹೋದಾಗ ಮೂಲ ಯಾವುದು, ಗುರಿ ಯಾವುದು ಎಂದು ಕೇಳುತ್ತದೆ. ಇಲ್ಲಿ ನಿಲ್ಲಿ. ಎರಡನ್ನು ಅದಲು ಬದಲು ಮಾಡಿದರೆ ಖಾಲಿ ಡ್ರೈವ್ ನಿಮ್ಮ ಫೈಲ್‌ಗಳ ಮೇಲೆ ಬರೆಯಲ್ಪಡುತ್ತದೆ. ಕಂಪನಿ ಹೆಸರು, ಸೈಜ್ ಎರಡನ್ನೂ ಓದಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರಿಂದಲೂ ಓದಿಸಿ.

ಹಳೆಯ ಯುಎಸ್‌ಬಿ 2.0 ಕಿಂಡಿಯಲ್ಲಿ 500 ಜಿಬಿ ತುಂಬಿದ ಡಿಸ್ಕ್‌ಗೆ ನಾಲ್ಕು ಗಂಟೆಯಾದರೂ ಬೇಕು. 3.0ರಲ್ಲಿ ಒಂದೂವರೆ, ಎರಡು ಗಂಟೆ. ಸಾಮಾನ್ಯ ಯುಪಿಎಸ್ ಅಷ್ಟು ಹೊತ್ತು ಬರುವುದಿಲ್ಲ. ಇನ್ವರ್ಟರ್ ಅಥವಾ ಜನರೇಟರ್ ಇರುವ ಕಡೆ ಮಾಡಿ. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಸಿಡಿಲು ಜೋರಾಗಿರುವುದರಿಂದ ಬೆಳಗ್ಗೆಯೇ ಶುರು ಮಾಡುವುದು ಒಳ್ಳೆಯದು. ನಡುವೆ ಕರೆಂಟ್ ಹೋದರೆ ಹಳೆಯ ಡಿಸ್ಕ್‌ನಿಂದ ಓದುತ್ತಿದ್ದದ್ದಷ್ಟೇ, ಅದರ ಫೈಲ್‌ಗಳು ಹಾಗೇ ಇರುತ್ತವೆ. ಮೊದಲಿನಿಂದ ಮತ್ತೆ ಮಾಡಿ.

ಏಳದಿದ್ದರೆ?

ನಕಲು ಮುಗಿದ ಕೂಡಲೇ ಕಂಪ್ಯೂಟರ್ ಆಫ್ ಮಾಡಿ, ಹಳೆಯ ಡಿಸ್ಕ್ ಕಳಚಿ, ಹೊಸದೊಂದನ್ನೇ ಹಾಕಿ ಆನ್ ಮಾಡಿ. ಎರಡೂ ಜೊತೆಗಿದ್ದರೆ ಗುರುತು ಒಂದೇ ಆಗಿ ವಿಂಡೋಸ್ ಒಂದನ್ನು ಬದಿಗಿಡುತ್ತದೆ. ಇಲ್ಲವೇ ಹಳೆಯದರಿಂದಲೇ ಎದ್ದು, ಹೊಸದು ಕೆಲಸ ಮಾಡುತ್ತಿದೆ ಎಂದು ನಿಮ್ಮನ್ನು ನಂಬಿಸುತ್ತದೆ.

ಕಪ್ಪು ಪರದೆಯಲ್ಲಿ ಬೂಟ್ ಡಿವೈಸ್ (ಕಂಪ್ಯೂಟರ್ ಏಳಬೇಕಾದ ಡ್ರೈವ್) ಇಲ್ಲ ಎಂದು ಬಂದರೆ ಬಯಾಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆಗೆ ಹೋಗಿ. ಹೊಸ ಡ್ರೈವ್ ಪಟ್ಟಿಯಲ್ಲಿ ಮೊದಲಿದೆಯೇ, ಮೋಡ್ ಮೊದಲಿನಂತೆಯೇ ಇದೆಯೇ ನೋಡಿ. ಯುಇಎಫ್‌ಐ ಎಂಬ ಹೊಸ ಮೋಡ್‌ನಲ್ಲಿದ್ದ ವಿಂಡೋಸ್, ಲೆಗಸಿ ಎಂಬ ಹಳೆಯ ಮೋಡ್‌ನಲ್ಲಿ ಏಳುವುದಿಲ್ಲ. ನೀಲಿ ಪರದೆಯಲ್ಲಿ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಬಂದರೆ, ಸಾಟಾದಿಂದ ಎನ್‌ವಿಎಂಇಗೆ ಬಂದದ್ದಕ್ಕೆ ವಿಂಡೋಸ್ ಸರಿಯಾದ ಡ್ರೈವರ್ ಎತ್ತಿಕೊಂಡಿಲ್ಲ ಎಂದು ಊಹಿಸಬಹುದು. ಎರಡು ಮೂರು ಸಲ ಹೀಗಾದ ಮೇಲೆ ರಿಕವರಿ ಪರದೆ ತಾನೇ ಬರುತ್ತದೆ. ಅಲ್ಲಿಂದ ಸೇಫ್ ಮೋಡ್‌ಗೆ ಹೋಗಿ ಒಮ್ಮೆ ತೆರೆದರೆ, ಮುಂದಿನ ಸಲ ಸರಿಯಾಗಿ ಏಳುವುದು ಹೆಚ್ಚು.

1 ಟಿಬಿ ಡ್ರೈವ್ 931 ಜಿಬಿ ಎಂದು ತೋರಿಸಿದರೆ ಮೋಸ ಅಲ್ಲ, ಎಣಿಸುವ ರೀತಿ ಬೇರೆ. ಆದರೆ ಸಿ ಡ್ರೈವ್ ಹಳೆಯ ಸೈಜ್‌ನಲ್ಲೇ ಉಳಿದು ಉಳಿದ ಜಾಗ ಖಾಲಿ ಬಿದ್ದಿದ್ದರೆ, ನಡುವೆ ರಿಕವರಿ ಭಾಗ ಅಡ್ಡ ಕುಳಿತಿರುತ್ತದೆ. ರೆಸ್ಕ್ಯೂಝಿಲ್ಲಾದಲ್ಲೇ ಇರುವ, ಡ್ರೈವ್‌ನ ಭಾಗಗಳನ್ನು ಬದಲಿಸುವ ಜಿಪಾರ್ಟೆಡ್‌ನಿಂದ ಅದನ್ನು ಕೊನೆಗೆ ಸರಿಸಿ ಸಿ ಡ್ರೈವ್ ಹಿಗ್ಗಿಸಬಹುದು.

ಹಳೆಯ ಡಿಸ್ಕ್ ಎಲ್ಲಿಡುವುದು?

ಹೊಸದರಲ್ಲಿ ಲೆಕ್ಕದ ಫೈಲ್, ಫೋಟೊ, ಕನ್ನಡ ಪತ್ರ ತೆರೆದು ನೋಡಿ, ಒಂದು ಪ್ರಿಂಟ್ ತೆಗೆಯಿರಿ. ಹಳೆಯ ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ, ಮುಂದಿನ ಕಾಫಿ ಕುಯ್ಲಿನವರೆಗೆ ಇಡಿ. ಮೇಲೆ ತಾರೀಕು ಬರೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಗೆ ಹಾಕಿ. ನಮ್ಮ ಮಳೆಗಾಲದ ತೇವಕ್ಕೆ ಬೀರುವಿನೊಳಗಿನ ಬಟ್ಟೆಗೇ ಬೂಸು ಹಿಡಿಯುತ್ತದೆ, ಅಲ್ವಾ?

ಎಕ್ಸ್‌ಟರ್ನಲ್ ಡಿಸ್ಕ್‌ನ ಪ್ರತಿ ಅದೇ ಮನೆಯಲ್ಲಿ ಇರಬಾರದು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮನೆಗೆ ಮನೆಯೇ ಹೋದವರಿದ್ದಾರೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಗಳು, ತಮ್ಮ, ಯಾರ ಹತ್ತಿರವಾದರೂ ಒಂದು ಪ್ರತಿ ಇಡಿ. ಅವರು ಪುತ್ತರಿ ಸುಗ್ಗಿ ಹಬ್ಬಕ್ಕೆ ಬರುವಾಗ ಅದನ್ನು ತರಲಿ, ಹೊಸ ಫೈಲ್ ಸೇರಿಸಿ ವಾಪಸ್ ಕಳಿಸಿ.