ಗೀಸರ್ ಕೆಟ್ಟಿರಲಿಲ್ಲ, ಸುಣ್ಣ ಕಟ್ಟಿತ್ತು

ಚಿಕ್ಕಮಗಳೂರಿನ ಡಿಸೆಂಬರ್ ಚಳಿಗೆ ಬಿಸಿನೀರಿಲ್ಲದಿದ್ದರೆ ಆಗುವುದೇ ಇಲ್ಲ. ನಮ್ಮದು 15 ಲೀಟರ್, 2000 ವ್ಯಾಟ್ ಗೀಸರ್. ಸ್ವಿಚ್ ಹಾಕಿ ಸ್ವಲ್ಪ ಹೊತ್ತಿಗೇ ಲೈಟ್ ಆರುತ್ತಿತ್ತು, ನೀರು ಮಾತ್ರ ಉಗುರು ಬೆಚ್ಚಗೆ. ಒಳಗಿಂದ ಗುಡುಗುಡು ಸದ್ದು ಬೇರೆ. ಒಬ್ಬರು ಫೋನಿನಲ್ಲೇ "ಹೊಸದು ತಗೊಂಡುಬಿಡಿ" ಅಂದರು. ನೋಡದೆಯೇ ಹಾಗೆ ಹೇಳಿದ್ದು ನನಗೆ ಬೇಜಾರಾಯಿತು.

ಕೊನೆಗೆ ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಅಣ್ಣ ಬಂದರು. ಮೊದಲು ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಟೆಸ್ಟರ್ ಇಟ್ಟು ಕರೆಂಟ್ ಇಲ್ಲವೆಂದು ನೋಡಿಕೊಂಡರು. ನೀರಿನ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ಕೆಳಗಿನ ಬೋಲ್ಟು ಬಿಚ್ಚಿದರು. ನೀರು ಕಾಯಿಸುವ ಕಾಯಿಲ್ ಕಾಣಿಸುತ್ತಲೇ ಇರಲಿಲ್ಲ! ಸುತ್ತಲೂ ಬಿಳಿ ಸುಣ್ಣ. ಬೆರಳಲ್ಲಿ ಒತ್ತಿದರೆ ಮೊಟ್ಟೆಸಿಪ್ಪೆಯ ಹಾಗೆ ಪುಡಿಯಾಗಿ ಉದುರುತ್ತಿತ್ತು. ಎಲ್ಲಾ ನಮ್ಮ ಬೋರ್‌ನ ಗಡಸು ನೀರಿನ ಕೆಲಸ. ಶಾಖ ಸುಣ್ಣದೊಳಗೇ ಉಳಿದು, ಪಕ್ಕದ ಥರ್ಮೋಸ್ಟಾಟ್ ನೀರು ಕಾದಿದೆ ಅಂದುಕೊಂಡು ಬೇಗ ಕರೆಂಟ್ ಕಡಿಯುತ್ತಿತ್ತು.

ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಸಿಯಂ ಕಡ್ಡಿ ಇರುತ್ತದಲ್ಲ, ಅದರಲ್ಲಿ ಬರೀ ತಂತಿ ಉಳಿದಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಟ್ಯಾಂಕೇ ತೂತಾಗುತ್ತಿತ್ತೋ ಏನೋ.

ಕಾಯಿಲನ್ನು ವಿನೆಗರ್‌ನಲ್ಲಿ ನೆನೆಹಾಕಿ ಉಜ್ಜಿದೆವು. ಹೊಸ ಕಡ್ಡಿ, ಹೊಸ ವಾಷರ್ ಹಾಕಿದರು. ಒಂದು ಮಾತು ಮರೆಯಬೇಡಿ: ಬಿಸಿನೀರಿನ ನಲ್ಲಿಯಲ್ಲಿ ನೀರು ಧಾರಾಳವಾಗಿ ಬಂದ ಮೇಲೆಯೇ ಸ್ವಿಚ್ ಹಾಕಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಸುಟ್ಟು ಹೋಗುತ್ತದೆ.

ಈಗ ಅರ್ಧ ಗಂಟೆಯೊಳಗೆ ಹಬೆಯಾಡುವ ನೀರು. ಮುಂದಿನ ಮಳೆಗಾಲ ಮುಗಿಯುತ್ತಲೇ ಮತ್ತೆ ಬಿಚ್ಚಿ ನೋಡಲು ಅಣ್ಣನಿಗೆ ಈಗಲೇ ಹೇಳಿಟ್ಟಿದ್ದೇನೆ.