ಅಂಟವಾಳದ ನೊರೆ, ಲಸಿಕೆಗೆ ಬಲ: ಧಾರವಾಡದ ಲ್ಯಾಬ್‌ನಲ್ಲಿ ನನ್ನ ಅನುಭವ

ಲಸಿಕೆಯಲ್ಲಿ ರೋಗಾಣುವಿನ ಒಂದು ತುಣುಕು ಮಾತ್ರ ಇದ್ದರೆ ಎಷ್ಟೋ ಸಲ ದೇಹ ಅದರತ್ತ ತಿರುಗಿಯೂ ನೋಡುವುದಿಲ್ಲ. ದೇಹವನ್ನು ಎಚ್ಚರಿಸಲು ಜೊತೆಗೆ ಸೇರಿಸುವ ವಸ್ತುವೇ ಅಡ್ಜುವೆಂಟ್. ಬಹಳ ಕಾಲದಿಂದ ಬಳಕೆಯಲ್ಲಿರುವುದು ಅಲ್ಯೂಮಿನಿಯಂ ಲವಣ, ಎಲ್ಲರೂ ಅಲಂ ಅನ್ನುತ್ತಾರೆ. ಗಿಡದಿಂದ ಬಂದವುಗಳಲ್ಲಿ ದೊಡ್ಡ ಹೆಸರು ಚಿಲಿ ದೇಶದ ಕ್ವಿಲಾಯ ಮರದ್ದು. ಅದರ ತೊಗಟೆಯಿಂದ ತೆಗೆದ ಕ್ಯೂಎಸ್-21 ಎಂಬ ಸಪೋನಿನ್ (ಗಿಡದಲ್ಲಿರುವ, ಸೋಪಿನಂತೆ ನೊರೆ ಬರಿಸುವ ವಸ್ತು), ಸರ್ಪಸುತ್ತಿಗೆ ಕೊಡುವ ಶಿಂಗ್ರಿಕ್ಸ್ ಲಸಿಕೆಯಲ್ಲಿದೆ. ಆ ಲಸಿಕೆಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಮಲೇರಿಯಾ ಲಸಿಕೆಯಲ್ಲಿರುವ ಮ್ಯಾಟ್ರಿಕ್ಸ್-ಎಂ ಎಂಬ ಅಡ್ಜುವೆಂಟ್ ಕೂಡ ಅದೇ ಮರದಿಂದ ಬಂದಿದ್ದು.

ಸಪೋನಿನ್ ನಮ್ಮಲ್ಲೂ ಇದೆ ಅಲ್ವಾ? ಸೀಗೆಕಾಯಿಯಲ್ಲಿದೆ, ಅಂಟವಾಳದಲ್ಲಿ ಇನ್ನೂ ಜಾಸ್ತಿ. ಹಾಗಾಗಿ ನಾನು ಅಂಟವಾಳವನ್ನೇ ಹಿಡಿದೆ. ಗದಗ ಕಡೆಯ ವಿದ್ಯಾರ್ಥಿಗಳು "ಕಪ್ಪತಗುಡ್ಡದಾಗ ಎಷ್ಟೊಂದು ಔಷಧಿ ಗಿಡ ಅದಾವ್ರಿ ಮೇಡಂ, ತರ್ತೀವಿ" ಅನ್ನುತ್ತಾರೆ. ಅದು ವನ್ಯಜೀವಿ ಧಾಮ. ಅನುಮತಿ ಇಲ್ಲದೆ ಅಲ್ಲಿಂದ ಒಂದು ಎಲೆಯನ್ನೂ ಕೀಳಬಾರದು. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಹುಬ್ಬಳ್ಳಿ ಪೇಟೆಯಲ್ಲಿ ನಾರು-ಬೇರು ಮಾರುವ ಅಂಗಡಿಯಿಂದ ಕಾಯಿ ತಂದೆವು. "ಇಷ್ಟೆಲ್ಲಾ ಯಾಕ್ರಿ ಅಕ್ಕಾರ, ಬಂಗಾರ ತೊಳಿಯಾಕೇನ್ರಿ?" ಎಂದು ಅಂಗಡಿಯವರು ಕೇಳಿದರು. ಲಸಿಕೆಯ ಕೆಲಸ ಎಂದಾಗ ಕೊಳೆತ ಕಾಯಿಗಳನ್ನೆಲ್ಲ ತಾವೇ ಆರಿಸಿ ತೆಗೆದರು.

ಬೀಜ ಬಿಡಿಸಿ, ಸಿಪ್ಪೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿದೆವು. ಪೆಟ್ರೋಲಿಯಂ ಈಥರ್‌ನಲ್ಲಿ ಎಣ್ಣೆ ಅಂಶ ತೆಗೆದು, ಮೆಥನಾಲ್‌ನಲ್ಲಿ ಸಾರ ಇಳಿಸಿ, ಅದನ್ನು ನೀರು ಮತ್ತು ಬ್ಯೂಟನಾಲ್ ನಡುವೆ ಹಂಚಿದೆವು. ಸಪೋನಿನ್ ಬ್ಯೂಟನಾಲ್ ಕಡೆ ಬರುತ್ತದೆ. ಇಲ್ಲಿ ಒಂದು ಕಿವಿಮಾತು. ಸಪೋನಿನ್ ಇರುವ ನೀರನ್ನು ಆವಿ ಮಾಡಿ ಇಂಗಿಸುವ ರೋಟರಿ ಇವಾಪೊರೇಟರ್‌ಗೆ ಹಾಕಿ ನಿರ್ವಾತ ಏರಿಸಿದರೆ ನೊರೆ ಉಕ್ಕಿ ಕಂಡೆನ್ಸರ್‌ವರೆಗೂ ಹೋಗುತ್ತದೆ. ಸ್ವಲ್ಪ ಬ್ಯೂಟನಾಲ್ ಸೇರಿಸಿ, ನಿರ್ವಾತವನ್ನು ನಿಧಾನಕ್ಕೆ ಏರಿಸಿ. ನೊರೆ ಅಡಗುತ್ತದೆ.

ಆಮೇಲೆ ರಕ್ತದ ಪರೀಕ್ಷೆ. ಇಲಿಗೆ ಚುಚ್ಚುವ ಮಾತು ಇದಾದ ನಂತರವೇ. ಸಪೋನಿನ್ ಜೀವಕೋಶದ ಪೊರೆಯಲ್ಲಿರುವ ಕೊಲೆಸ್ಟರಾಲ್ ಜೊತೆ ಕೂಡಿಕೊಂಡು ಪೊರೆಗೆ ತೂತು ಮಾಡುತ್ತದೆ. ಕೆಂಪು ರಕ್ತಕಣ ಒಡೆಯುತ್ತದೆ. "ಗಿಡದ್ದು ತಾನೇ, ಏನೂ ಆಗಲ್ಲ" ಅನ್ನುವವರಿಗೆ ನಾನು ಈ ಪರೀಕ್ಷೆಯನ್ನೇ ತೋರಿಸುತ್ತೇನೆ. ಕುರಿ ರಕ್ತವನ್ನು ಸಿಟ್ರೇಟ್‌ನಲ್ಲಿ ಹಿಡಿದು, ಕಣಗಳನ್ನು ಲವಣದ್ರಾವಣದಲ್ಲಿ ತೊಳೆದು, 2 ಶೇಕಡಾ ದ್ರಾವಣ ಮಾಡಿಕೊಳ್ಳಬೇಕು. ಸಾಲಾಗಿ ನಳಿಕೆಗಳನ್ನಿಟ್ಟು, ಪ್ರತಿಯೊಂದರಲ್ಲೂ ಸಪೋನಿನ್ ಪ್ರಮಾಣವನ್ನು ಹಿಂದಿನದರ ಅರ್ಧಕ್ಕೆ ಇಳಿಸುತ್ತಾ ಹೋಗಬೇಕು. 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಸೆಂಟ್ರಿಫ್ಯೂಜ್ ಮಾಡಿದರೆ ಕಣ್ಣಿಗೇ ಗೊತ್ತಾಗುತ್ತದೆ. ಕಣಗಳು ಉಳಿದ ನಳಿಕೆಯಲ್ಲಿ ತಳಕ್ಕೆ ಅಂಗಿಯ ಗುಂಡಿಯಂಥ ಕೆಂಪು ಗುಂಡಿ ಕೂತು ಮೇಲೆ ತಿಳಿನೀರು. ಒಡೆದದ್ದರಲ್ಲಿ ಗುಂಡಿಯೇ ಇಲ್ಲ, ನಳಿಕೆ ತುಂಬಾ ದಾಳಿಂಬೆ ರಸದ ಹಾಗೆ ಪಾರದರ್ಶಕ ಕೆಂಪು. ನಿಖರ ಲೆಕ್ಕಕ್ಕೆ 540 ನ್ಯಾನೋಮೀಟರ್ ಬೆಳಕಿನಲ್ಲಿ ಕೆಂಪಿನ ಪ್ರಮಾಣ ಓದುತ್ತೇವೆ.

ನನಗೆ ತುಂಬಾ ಖುಷಿ ಕೊಟ್ಟಿದ್ದು ಮುಂದಿನ ಹಂತ. ಅದೇ ಸಪೋನಿನ್ನನ್ನು ಮೊದಲು ಕೊಲೆಸ್ಟರಾಲ್ ಇರುವ ಲೈಪೊಸೋಮ್ (ಕೊಬ್ಬಿನ ಪೊರೆಯ ಅತಿ ಸಣ್ಣ ಗುಳ್ಳೆ) ಜೊತೆ ಬೆರೆಸಿ ರಕ್ತಕ್ಕೆ ಹಾಕಿದೆವು. ಮುಂಚೆ ಪೂರ್ತಿ ಕೆಂಪಾಗಿದ್ದ ಪ್ರಮಾಣದಲ್ಲೇ ಈಗ ತಳದಲ್ಲಿ ಗುಂಡಿ ಕೂತಿತು. ಸಪೋನಿನ್‌ಗೆ ಬೇಕಾದ ಕೊಲೆಸ್ಟರಾಲ್ ಲೈಪೊಸೋಮಿನಲ್ಲೇ ಸಿಕ್ಕಿದ್ದರಿಂದ ರಕ್ತಕಣದ ತಂಟೆಗೆ ಹೋಗಲಿಲ್ಲ. ಶಿಂಗ್ರಿಕ್ಸ್‌ನಲ್ಲಿ ಕ್ಯೂಎಸ್-21ಅನ್ನು ಪಳಗಿಸಿರುವುದೂ ಹೀಗೆಯೇ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು: ಎಂಡೋಟಾಕ್ಸಿನ್. ಪೇಟೆಯ ಕಾಯಿ ಧೂಳಲ್ಲಿ ಬಿದ್ದಿರುತ್ತದೆ, ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಅವುಗಳ ಪೊರೆಯ ಚೂರೇ ಎಂಡೋಟಾಕ್ಸಿನ್, ಅದೂ ಒಂದು ಜೋರಾದ ಅಡ್ಜುವೆಂಟ್. ಸಾರದಲ್ಲಿ ಅದು ಉಳಿದಿದ್ದರೆ ಪ್ರತಿಕಾಯ ಏರಿದ್ದು ಅಂಟವಾಳದಿಂದಲೋ ಕೊಳೆಯಿಂದಲೋ ಹೇಳುವುದು ಹೇಗೆ? ಹಾರ್ಸ್‌ಶೂ ಏಡಿಯ ರಕ್ತದಿಂದ ಮಾಡಿದ ಎಲ್‌ಎಎಲ್ ಕಿಟ್ಟಿನಿಂದ ಪರೀಕ್ಷಿಸಿ, ಶುದ್ಧ ಎಂದು ಖಾತ್ರಿ ಆದದ್ದನ್ನೇ ಮುಂದಕ್ಕೆ ಬಿಟ್ಟೆವು. ಕಿಟ್ ದುಬಾರಿ. ಆದರೂ ಈ ಹಂತ ಬಿಟ್ಟು ಬರೆದ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಪಡೆದು ಇಲಿಗಳಿಗೆ ನಮ್ಮ ಸಪೋನಿನ್ನನ್ನು ಓವಾಲ್ಬುಮಿನ್ ಎಂಬ ಮೊಟ್ಟೆಯ ಬಿಳಿಭಾಗದ ಪ್ರೋಟೀನ್ ಜೊತೆ ಕೊಟ್ಟೆವು. ಪಕ್ಕದಲ್ಲಿ ಅಲಂ ಕೊಟ್ಟ ಗುಂಪು, ಏನೂ ಸೇರಿಸದ ಗುಂಪು. ಪ್ರತಿಕಾಯ ಅಳೆಯುವ ಎಲೈಸಾ ಪರೀಕ್ಷೆಯಲ್ಲಿ ನಮ್ಮ ಗುಂಪಿನ ಪ್ರತಿಕಾಯ ಏನೂ ಸೇರಿಸದ ಗುಂಪಿಗಿಂತ ಸ್ಪಷ್ಟವಾಗಿ ಮೇಲಿತ್ತು, ಅಲಂ ಗುಂಪಿನಷ್ಟು ಇರಲಿಲ್ಲ. ಆದರೆ ಅಲಂ ಕೊಟ್ಟವುಗಳಲ್ಲಿ ಹೆಚ್ಚಾಗಿ ಐಜಿಜಿ1 ಎಂಬ ಬಗೆಯ ಪ್ರತಿಕಾಯ ಮಾತ್ರ ಇತ್ತು. ನಮ್ಮದರಲ್ಲಿ ಐಜಿಜಿ2ಎ ಎಂಬ ಇನ್ನೊಂದು ಬಗೆಯೂ ಕಂಡಿತು. ಸಪೋನಿನ್‌ನಿಂದ ನಿರೀಕ್ಷಿಸುವುದೇ ಅದನ್ನು.

ಬ್ಯೂಟನಾಲ್ ಭಾಗದಲ್ಲಿ ಇನ್ನೂ ಹಲವು ಸಪೋನಿನ್‌ಗಳು ಬೆರೆತಿವೆ. ಕ್ರೊಮ್ಯಾಟೋಗ್ರಫಿ ಕಾಲಂ (ಬೆರಕೆಯನ್ನು ಬೇರ್ಪಡಿಸುವ ಕೊಳವೆ) ಮೇಲೆ ಒಂದೊಂದಾಗಿ ಬೇರೆ ಮಾಡುತ್ತಿದ್ದೇವೆ. ಬೇರೆಯಾದ ಪ್ರತಿ ಭಾಗವೂ ಮೊದಲು ಕುರಿ ರಕ್ತದ ನಳಿಕೆಗೇ ಹೋಗುತ್ತದೆ.